ಮೊದಲ ಹಾರ್ನಿಗೆ ಹೊರಟ ಮೋಟಾರು

ಮೋಟಾರು ಬಂದು ಲೋಕಕ್ಕೆಲ್ಲ ಅನುಕೂಲವಾಯಿತು ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹಾಗೆ ಅನ್ನುವವರು ನಿಜಾಮರ ಕಾಲದಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಬಾಡಿಗೆ ಮೋಟಾರಿನಲ್ಲಿ ತವರಿಗೆ ಹೋದವರಲ್ಲ. ಹೋಗಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ನಾನು ಮದುವೆಯಾಗಿ ಕೋಟೆಯ ಹತ್ತಿರದ ಮನೆಗೆ ಬಂದ ಹೊಸದರಲ್ಲಿ ಮೋಟಾರು ಇರಲಿಲ್ಲ. ತವರಿಗೆ ಹೋಗಬೇಕೆಂದರೆ ಅಪ್ಪ ಕಮಲಾಪುರದಿಂದ ಚಕ್ಕಡಿ ಕಟ್ಟಿಕೊಂಡು ಬರಬೇಕು. ಬೆಳಕು ಹರಿಯುವ ಮೊದಲೇ ಹೊರಟರೆ ಊರು ಮುಟ್ಟುವಾಗ ಹೊತ್ತು ಮುಳುಗಿರುತ್ತಿತ್ತು. ಮೈಯೆಲ್ಲ ನುಗ್ಗುನುರಿಯಾಗುತ್ತಿತ್ತು, ಅದು ನಿಜ. ಆದರೆ ಎತ್ತುಗಳನ್ನು ಅಷ್ಟು ದಣಿಸಿ ಕರೆದೊಯ್ದ ಮಗಳನ್ನು ಮರುದಿನವೇ ತಿರುಗಿ ಕಳಿಸಿ ಅನ್ನಲು ನಮ್ಮತ್ತೆಗೂ ಬಾಯಿ ಬರುತ್ತಿರಲಿಲ್ಲ. ಹದಿನೈದು ದಿನ, ಒಮ್ಮೊಮ್ಮೆ ತಿಂಗಳು, ಅವ್ವನ ಕೈಯ ಬಿಸಿ ರೊಟ್ಟಿ ತಿಂದು, ಎಣ್ಣೆ ಹಚ್ಚಿಸಿಕೊಂಡು, ಹೊಟ್ಟೆ ತುಂಬ ಮಾತಾಡಿ ಬರುತ್ತಿದ್ದೆ.

ಮೋಟಾರು ಬಂತು ನೋಡಿ, ಎಲ್ಲ ಹೋಯಿತು.

"ಮುಂಜಾನಿ ಹೋಗು, ಸಂಜಿಗಿ ಬಾ. ಮೋಟಾರ್ ಐತಲ್ಲ, ಇನ್ನ್ಯಾಕ ಅಲ್ಲಿ ಉಳಿಯೂದು?" ಎಂದರು ಅತ್ತೆ. ಅದರ ಜೊತೆಗೆ ಒಂದು ಕರಾರು ಬೇರೆ: ಸಂಜೆ ದೇವರ ಮುಂದೆ ದೀಪ ಹಚ್ಚುವುದರೊಳಗೆ ಸೊಸೆ ಮನೆಯಲ್ಲಿರಬೇಕು. ನಮ್ಮತ್ತೆ ವಿಧವೆ. ಮನೆಯಲ್ಲಿ ಬೇರೆ ಮುತ್ತೈದೆ ಇರಲಿಲ್ಲ, ಹಾಗಾಗಿ ದೀಪದ ಕೆಲಸ ನನ್ನದು. ಅಂತೂ ತಿಂಗಳಿಗೊಮ್ಮೆ ಅವ್ವನನ್ನು ನೋಡಲು ನನ್ನ ಪಾಲಿಗೆ ಉಳಿದದ್ದು ಹಗಲಿನ ನಾಲ್ಕು ತಾಸು. ಆ ನಾಲ್ಕು ತಾಸನ್ನೂ ಅರೆದು ಕುಡಿಯಲು ಒಬ್ಬ ಡ್ರೈವರ್ ಹುಟ್ಟಿ ಬಂದಿದ್ದ.

ಮೋಟಾರು ಕಲಬುರಗಿಯ ಕಾಳಿನ ಪೇಟೆಯಾದ ಗಂಜಿನಲ್ಲಿ ನಿಲ್ಲುತ್ತಿತ್ತು. ನನ್ನ ಯಜಮಾನರು ಕಚೇರಿಗೆ ಹೋಗುವ ಮೊದಲು ನನ್ನನ್ನು ಅಲ್ಲಿಗೆ ಕರೆತಂದು, ಹೆಂಗಸರ ಪಕ್ಕ ಕೂರಿಸಿ ಹೋಗುತ್ತಿದ್ದರು. ಕೂತಾಗ ನೋಡಿದರೆ ಮೋಟಾರು ತುಂಬಿ ತುಳುಕುತ್ತಿರುತ್ತಿತ್ತು. ಇನ್ನೇನು, ನಾನು ಕೂತದ್ದೇ ತಡ ಹೊರಡುತ್ತದೆ ಎಂದು ಯಾರಿಗಾದರೂ ಅನಿಸಬೇಕು. ಹಾಗೆ ಅನಿಸಲೆಂದೇ ಅವನು ಅದನ್ನು ತುಂಬಿಸಿಡುತ್ತಿದ್ದ. ಒಳಗೆ ಕೂತ ಗಂಡಸರಲ್ಲಿ ಅರ್ಧ ಜನ ಗಂಜಿನಲ್ಲಿ ತೊಗರಿ ಮೂಟೆ ಹೊರುವ ಹಮಾಲರು, ಅವನ ದೋಸ್ತರು. ಖಾಲಿ ಮೋಟಾರು ಕಂಡರೆ ಗಿರಾಕಿ ಹತ್ತುವುದಿಲ್ಲವೆಂದು ಅವರನ್ನು ತಂದು ಕೂರಿಸುತ್ತಿದ್ದ. ನಿಜವಾದ ಗಿರಾಕಿ ಒಬ್ಬ ಹತ್ತಿದನೋ, ಹಮಾಲ ಒಬ್ಬ ಮೆಲ್ಲಗೆ ಮೈ ಮುರಿದು ಇಳಿದು ಹೋಗುತ್ತಿದ್ದ. ಮೊದಲ ಸಲ ನನಗೆ ಇದು ತಿಳಿಯಲೇ ಇಲ್ಲ. ಪಾಪ, ಕಮಲಾಪುರಕ್ಕೆ ಹೊರಟವನು ಬೇಸತ್ತು ಮನೆಗೆ ಹೋದ ಅಂದುಕೊಂಡೆ.

"ಏನಪ್ಪಾ, ಯಾವಾಗ ಹೊಂಡೂದು?" ಎಂದರೆ ಒಂದೇ ಉತ್ತರ.

"ಅಭೀ ಹೊಂಟ್ವಿ ಅಕ್ಕಾರ. ಬಸ್, ಒಂದ್ ಸೀಟ್ ರೀ. ತಾಜಸುಲ್ತಾನಪುರದಿಂದ ಒಬ್ಬ ಗಿರಾಕಿ ಬರಾಕತ್ಯಾನ."

ಆ ತಾಜಸುಲ್ತಾನಪುರದ ಗಿರಾಕಿಯನ್ನು ನಾನು ನನ್ನ ಜನ್ಮದಲ್ಲಿ ನೋಡಲಿಲ್ಲ. ನಾವು ಬಿಸಿಲಿಗೆ ಬೆಂದು ಬದನೆಕಾಯಿಯಾಗುತ್ತಿದ್ದರೆ ಈ ಪುಣ್ಯಾತ್ಮ ಡ್ರೈವರ್ ಚಹಾದಂಗಡಿಯ ನೆರಳಲ್ಲಿ ಕಾಲು ಮೇಲೆ ಕಾಲು ಹಾಕಿ, ಬಸಿಯಲ್ಲಿ ಚಹಾ ಸುರಿದುಕೊಂಡು ಸುರ್‍ರೆಂದು ಹೀರುತ್ತಿದ್ದ. ಮುಂದಿನ ಸೀಟು ಖಾಲಿಯಿದ್ದರೂ ಯಾರಿಗೂ ಕೊಡುತ್ತಿರಲಿಲ್ಲ. ಅದು ಗಿರ್ದಾವರ, ದಫೇದಾರರಂಥ ಸರಕಾರಿ ಮಂದಿಗೆ ಮೀಸಲು. ಸರಕಾರಿ ಮಂದಿ ಬಾರದಿದ್ದರೆ ಅಲ್ಲಿ ಅವನ ರುಮಾಲು ಕೂತು ಪ್ರಯಾಣ ಮಾಡುತ್ತಿತ್ತು. ದಾರಿಯಲ್ಲಿ ಗುರುತಿನವರು ಕಂಡರೆ ಮೋಟಾರು ನಿಲ್ಲಿಸಿ ಅವರ ಮನೆಮಂದಿಯ ಕ್ಷೇಮಸಮಾಚಾರವನ್ನೆಲ್ಲ ಕೇಳಬೇಕು. ಹೀಗೆ ಕಮಲಾಪುರ ಮುಟ್ಟುವಾಗ ಬಿಸಿಲು ನೆತ್ತಿ ದಾಟಿರುತ್ತಿತ್ತು. ಅವ್ವ ಮುಂಜಾನೆಯಿಂದ ಬಾಗಿಲಲ್ಲಿ ನಿಂತು ನಿಂತು, ಮಾಡಿದ ಅಡಿಗೆ ಆರಿ, ಮತ್ತೆ ಬಿಸಿ ಮಾಡಿ, ಅದೂ ಆರಿರುತ್ತಿತ್ತು.

ತಿರುಗಿ ಬರುವಾಗ ಇನ್ನೊಂದು ತಮಾಷೆ. ಕಮಲಾಪುರದಲ್ಲಿ ಮೋಟಾರು ನಿಲ್ಲುತ್ತಿದ್ದದ್ದು ನಮ್ಮ ಮನೆಯ ಎದುರಿನ ಬೇವಿನ ಗಿಡದ ಕೆಳಗೆ. ಹೊರಡುವ ಮೊದಲು ಅವನು ರಬ್ಬರಿನ ಹಾರ್ನು ಹಿಚುಕಿ ಪೋಂ ಪೋಂ ಅನಿಸುತ್ತಿದ್ದ. ಮೊದಲ ಹಾರ್ನಿಗೆ ಊರಲ್ಲಿ ಯಾರೂ ಕದಲುತ್ತಿರಲಿಲ್ಲ. ಎರಡನೆಯ ಹಾರ್ನಿಗೆ ಗಂಟು ಕಟ್ಟುತ್ತಿದ್ದರು. ಮೂರನೆಯದಕ್ಕೆ ಮನೆ ಬಿಡುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ಲೆಕ್ಕ. ಮೊದಲ ಹಾರ್ನು ಕೇಳಿದರೆ ಅವ್ವ ನನ್ನನ್ನು ಮುಂದೆ ಕೂರಿಸಿಕೊಂಡು ಹೆರಳು ಹಾಕಲು ಶುರು ಮಾಡುತ್ತಿದ್ದಳು. ಎರಡನೆಯದಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಎಲ್ಲ ಮೊರದಲ್ಲಿಟ್ಟು ನನ್ನ ಸೆರಗಿನೊಳಗೆ ಉಡಿ ತುಂಬುತ್ತಿದ್ದಳು. ಉಡಿ ತುಂಬದೆ ಹೆಣ್ಣುಮಗಳನ್ನು ತವರಿನಿಂದ ಕಳಿಸುವುದುಂಟೇ?

ಮೂರು ಹಾರ್ನಿನ ನಡುವೆ ಇಷ್ಟು ಹೊತ್ತು ಹೇಗೆ ಸಿಗುತ್ತದೆಂದು ಒಂದು ದಿನ ಹೊರಗೆ ಇಣುಕಿ ನೋಡಿದೆ. ನಮ್ಮ ತೋಟದ ಕೆಂಪು ಬಾಳೆಯ ಚಿಪ್ಪೊಂದನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಸಾಹೇಬ ಒಂದೊಂದೇ ಸುಲಿದು ತಿನ್ನುತ್ತಿದ್ದ. ಎದುರಿಗೆ ನಮ್ಮವ್ವ ನಿಂತಿದ್ದಳು.

"ಸಾವಕಾಶ ತಿನ್ನಪ್ಪಾ, ಅವಸರ ಮಾಡಬ್ಯಾಡ. ಇನ್ನೊಂದು ಚಿಪ್ಪು ತರ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಅವ್ವನನ್ನು ಒಳಗೆ ಎಳೆದುಕೊಂಡು ಹೋದೆ.

"ಯವ್ವಾ, ನೀನೇ ಅವಂಗ ತಡಾ ಮಾಡು ಅಂತ ಹೇಳ್ತೀಯೇನು? ಅಲ್ಲಿ ಅತ್ತಿ ಕಡಿಂದ ಬೈಸಿಕೊಳ್ಳಾಕಿ ನಾನು!"

"ಬೈದ್ರ ಬೈಲಿ ಬಿಡು. ಬೈಗಳ ಮೈಗಿ ಹತ್ತತಾವೇನು? ನನಗ ನೀ ಇನ್ನೊಂದಿಷ್ಟು ಹೊತ್ತು ಸಿಗ್ತೀಯಲ್ಲ," ಎಂದಳು. ಅಂದು ಅಳುವುದೋ ಜಗಳಾಡುವುದೋ ತಿಳಿಯದೆ ಎರಡನ್ನೂ ಮಾಡಿದೆ.

ಅಂದು ಮನೆಗೆ ಬಂದಾಗ ಕತ್ತಲಾಗಿತ್ತು. ದೀಪ ಹಚ್ಚಿರಲಿಲ್ಲ. ಅತ್ತೆ ಕತ್ತಲಲ್ಲೇ ಕಟ್ಟೆಯ ಮೇಲೆ ಕೂತಿದ್ದರು.

"ಮೋಟಾರ್ ತಡಾ ಆತ್ರಿ ಅತ್ತಿ," ಎಂದೆ.

"ಪ್ರತಿ ಸಲ ಮೋಟಾರ್ ತಡಾ! ಮುಂದಿನ ಸಲ ನಾನೂ ಬರ್ತೀನಿ ನಡಿ. ಅವ ಹೆಂಗ ಹೊಂಡಂಗಿಲ್ಲ ನೋಡೇಬಿಡ್ತೀನಿ. ನನ್ನ ಕಣ್ಣ ಮುಂದೂ ತಡಾ ಆತಂದ್ರ ತಿಳಕೊ, ನಿನ್ನ ತವರು ಮುಗೀತು. ಪಂಚಮಿಗೂ ಇಲ್ಲ, ಹಬ್ಬಕ್ಕೂ ಇಲ್ಲ."

ಪಂಚಮಿಗೂ ತವರಿಲ್ಲವೆಂದರೆ ಹೆಣ್ಣುಮಗಳಿಗೆ ಇನ್ನೇನು ಉಳಿಯಿತು? ಅವ್ವನ ಮುಖ ನೋಡುವ ಭಾಗ್ಯವೆಲ್ಲ ಆ ಹಾಳು ಡ್ರೈವರನ ಕೈಯಲ್ಲಿ ಸಿಕ್ಕಿಕೊಂಡಿತ್ತು.

ಹೇಳಿದಂತೆಯೇ ಮುಂದಿನ ತಿಂಗಳು ಒಂದು ಸೋಮವಾರ ಅತ್ತೆ ನನ್ನ ಜೊತೆ ಹೊರಟರು. ಗಂಜಿನಲ್ಲಿ ಹಮಾಲರ ನಡುವೆ ಕೂತು, ಚಹಾದಂಗಡಿಯತ್ತ ದುರುಗುಟ್ಟಿ ನೋಡುತ್ತಿದ್ದರು. ನಾನು ಇಷ್ಟು ದಿನ ಹೇಳಿದ್ದು ಸುಳ್ಳಲ್ಲವೆಂದು ಅವರಿಗೆ ತಿಳಿಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಕಮಲಾಪುರದಲ್ಲಿ ಅವ್ವ ಬೀಗತಿಗೆಂದು ಹೋಳಿಗೆ ಮಾಡಿದ್ದಳು. ಅತ್ತೆ ಉಂಡವರೇ ಕೈ ತೊಳೆದು ಎದ್ದರು.

"ಅಕ್ಕಾರ, ಇನ್ನೂ ಒಂದ ಹಾರ್ನೂ ಆಗಿಲ್ಲ, ಅಡ್ಡಾಗ್ರಿ," ಎಂದಳು ಅವ್ವ.

"ನಾ ಅಡ್ಡಾಗಾಕ ಬಂದಿಲ್ಲ," ಎಂದು ಅತ್ತೆ ನೆಟ್ಟಗೆ ಬೇವಿನ ಗಿಡದ ಕಡೆ ಹೋದರು. ಹೋಗಿ ಡ್ರೈವರನ ರುಮಾಲನ್ನು ಹಿಂದಕ್ಕೆ ಒಗೆದು, ಗಿರ್ದಾವರರ ಆ ಮುಂದಿನ ಸೀಟಿನಲ್ಲಿ ಸೆರಗು ಬಿಗಿದು ಕೂತೇಬಿಟ್ಟರು. ಕಮಲಾಪುರದ ಮಂದಿಯೆಲ್ಲ ಬಾಯಿ ತೆರೆದು ನಿಂತಿತು. ಡ್ರೈವರ್ ಓಡಿ ಬಂದ.

"ಅಮ್ಮಾ, ಅದು ಸರಕಾರಿ ಮಂದಿ ಸೀಟ್ ರೀ!"

"ನಾನೇ ಸರಕಾರ. ನನ್ನ ಮನ್ಯಾಗ ಹೊತ್ತಿಗಿ ಸರಿಯಾಗಿ ದೀಪ ಹತ್ತಬೇಕು. ಹೊಡಿ ಹಾರ್ನ್. ಹಾಕು ಹ್ಯಾಂಡಲ್. ಏನೋ ಭಾಡ್ಯಾ, ಇನ್ನೂ ನೋಡ್ತಿ?"

ಅವನ ಮುಖ ಇಷ್ಟು ಸಣ್ಣದಾಯಿತು. ಪೋಂ ಎಂದಿತು ಹಾರ್ನು. "ಏ, ಬಾ ಇಲ್ಲಿ!" ಎಂದು ಅತ್ತೆ ಕೂಗಿದರು. ನಾನು ಗಂಟು ತೆಗೆದುಕೊಂಡು ಓಡಿ ಹೋಗಿ ಹಿಂದೆ ಕೂತೆ. ಸುಮ್ಮನೆ ಕೂತರೆ ಅತ್ತೆ ತಣ್ಣಗಾಗುತ್ತಾರೆ, ಎರಡನೆಯ ಹಾರ್ನಿಗೆ ಇಳಿದು ಹೋಗಿ ಉಡಿ ತುಂಬಿಸಿಕೊಂಡು ಬಂದರಾಯಿತು ಎಂದೇ ನನ್ನ ಎಣಿಕೆ. ಅವ್ವನೂ ಅದೇ ಎಣಿಕೆಯಲ್ಲಿ ಒಳಗೆ ಕೊಬ್ಬರಿ ಬಟ್ಟಲು ಹುಡುಕುತ್ತಿದ್ದಳು. ಅಷ್ಟರಲ್ಲಿ ಅವನು ಹ್ಯಾಂಡಲ್ ತಿರುವಿದ. ಬೇರೆ ದಿನ ಹತ್ತು ಸಲ ತಿರುವಿದರೂ ಕೆಮ್ಮಿ ಸುಮ್ಮನಾಗುತ್ತಿದ್ದ ಮುರುಕು ಮೋಟಾರು ಅಂದು ಒಂದೇ ಏಟಿಗೆ ಗುರ್‍ರೆಂದು ಎದ್ದು, ಹೊರಟೇ ಹೋಯಿತು!

ಬಟ್ಟೆ ವ್ಯಾಪಾರಿಯೊಬ್ಬ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬೊಬ್ಬೆ ಹೊಡೆಯುತ್ತ ಬೆನ್ನು ಹತ್ತಿದ. ಅವನ ಹಿಂದೆ ನಮ್ಮವ್ವ ಬಂದಳು. ಮೊರವನ್ನು ಎದೆಗೆ ಅವಚಿಕೊಂಡು, ಸೆರಗು ಜಾರಿದ್ದರೂ ಲಕ್ಷ್ಯವಿಲ್ಲದೆ, ರಸ್ತೆಯ ನಡುವೆ ಓಡಿ ಬರುತ್ತಿದ್ದಳು. ಅಕ್ಕಿ ದಾರಿಯುದ್ದಕ್ಕೂ ಚೆಲ್ಲುತ್ತಿತ್ತು. ನಮ್ಮವ್ವ ಓಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನಿಂದರಸೋ! ನಮ್ಮವ್ವ ಬರಾಕತ್ಯಾಳ, ನಿಂದರಸೋ!" ಎಂದು ಕಿರುಚಿದೆ.

"ಚಾಲೂ ಗಾಡಿ ಬಂದ್ ಮಾಡಿದ್ರ ಅಮ್ಮಾರು ನನ್ನ ಜೀವಾ ತಗೀತಾರ್ರಿ!" ಎಂದ ಅವನು, ತಿರುಗಿಯೂ ನೋಡದೆ. ಅತ್ತೆಗೆ ಮುಂದಿನ ಸೀಟು ಹೊಸದು. ಗಾಳಿಗೂ ಓಟಕ್ಕೂ ಹೆದರಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈಯಿಂದ ಸೀಟು ಹಿಡಿದು ಕೂತಿದ್ದರು. ತಿರುವಿನಲ್ಲಿ ಅವ್ವ ನಿಂತುಬಿಟ್ಟಳು. ಆಮೇಲೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ದಾರಿಯುದ್ದಕ್ಕೂ ನಾನು ಅಳುತ್ತಲೇ ಬಂದೆ. ಇಷ್ಟು ದಿನ ಹೊರಡದ ಹಡಬೆ, ಇಂದೇ ಹೊರಡಬೇಕಿತ್ತೇ!

ಮನೆ ಮುಟ್ಟಿದಾಗ ಹೊತ್ತು ಇನ್ನೂ ಮೇಲಿತ್ತು. ಅತ್ತೆ ಯುದ್ಧ ಗೆದ್ದು ಬಂದವರಂತೆ ಕಟ್ಟೆ ಹತ್ತಿದರು.

"ಉಡಿ ಅಕ್ಕಿ ದೇವರ ಮುಂದ ಇಡು. ಆಮ್ಯಾಲೆ ದೀಪಾ ಹಚ್ಚುವಂತಿ."

"ಎಲ್ಲೀ ಅಕ್ಕಿರಿ?" ಎಂದು ಖಾಲಿ ಸೆರಗನ್ನು ಅವರ ಮುಂದೆ ಝಾಡಿಸಿದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ನೀವು ಬಿಡಬೇಕಲ್ಲ ತುಂಬಾಕ! ನಮ್ಮವ್ವ ಮೊರಾ ಹಿಡಕೊಂಡು ಮೋಟಾರ್ ಹಿಂದ ಓಡಿದ್ಲು. ಅಕ್ಕಿ ಎಲ್ಲಾ ಕಮಲಾಪುರದ ದಾರ್‍ಯಾಗ ಬಿದ್ದದ, ಹೋಗಿ ಆರಿಸ್ಕೊಂಡ್ ಬರ್ರಿ!"

ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು. ನನ್ನ ಕಣ್ಣೀರು ಕಂಡು ಅವರ ಮನಸ್ಸು ಕರಗಿತೆಂದು ಯಾರೂ ತಿಳಿಯಬೇಡಿ. ಸೊಸೆ ಖಾಲಿ ಉಡಿಯಲ್ಲಿ ಬಂದರೆ ಮಗನ ಮನೆಗೆ ಕೇಡು ಎಂಬುದು ಅವರ ಭಯ. ವಿಧವೆಯಾದ ತಾವು ತುಂಬುವಂತಿಲ್ಲ. ಅವ್ವ ತುಂಬಲು ತೆಗೆದ ಉಡಿಯನ್ನು ನೆರೆಮನೆಯವರ ಕೈಯಿಂದ ತುಂಬಿಸುವಂತೆಯೂ ಇಲ್ಲ.

"ನಾಳಿ ಹೋಗಿ ತುಂಬಿಸ್ಕೊಂಡು ಬಾ," ಎಂದವರು ಅಲ್ಲೇ ತಡೆದರು. ನಾಳೆ ಮಂಗಳವಾರ. ಮಂಗಳವಾರ ತವರಿಗೆ ಹೋಗಲು ಅಡ್ಡಿಯಿಲ್ಲ, ಆದರೆ ತವರಿನಿಂದ ಮಗಳನ್ನು ಕಳಿಸಬಾರದು. ಬುಧವಾರ ಅಮಾವಾಸ್ಯೆ. ಗುರುವಾರ ಅಮಾವಾಸ್ಯೆಯ ಮರುದಿನದ ಕರಿ, ಅಂದೂ ಕಳಿಸುವಂತಿಲ್ಲ. ಶುಕ್ರವಾರ ಮತ್ತೆ ಕಳಿಸಬಾರದು. ಒಂದೊಂದೇ ಬೆರಳು ಮಡಿಚುತ್ತ ಅವರ ಮುಖ ಸಣ್ಣದಾಗುತ್ತ ಹೋಯಿತು. ಕೊನೆಗೆ, "ನಾಳಿ ಹೋಗು, ಶನಿವಾರ ಬಾ," ಎಂದು ಹಲ್ಲು ಕೀಳಿಸಿಕೊಂಡವರಂತೆ ಹೇಳಿ ಒಳಗೆ ಹೋದರು.

ಶನಿವಾರ! ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಯಜಮಾನರಿಗಿಂತ ಮುಂದೆ ಮುಂದೆ ನಡೆದು ಗಂಜು ಮುಟ್ಟಿದೆ. ಮೋಟಾರು ತುಂಬಿತ್ತು, ಅದೇ ಹಮಾಲರು. ಡ್ರೈವರ್ ಚಹಾದಂಗಡಿಯ ನೆರಳಲ್ಲಿ ಬಸಿ ಊದುತ್ತಿದ್ದ. ಕೂತೆ, ಕೂತೇ ಇದ್ದೆ. ಬಿಸಿಲೇರಿತು. ಕೊನೆಗೆ ತಡೆಯಲಾರದೆ, ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಯನ್ನೂ ಬಿಟ್ಟು ಕೂಗಿದೆ.

"ಏನೋ ಯಪ್ಪಾ, ಹೊಂಡ್ತೀಯೋ ಇಲ್ಲೋ?"

"ಶನಿವಾರ ತನಕ ಇರಾಕ ಹೊಂಟೀರಂತ, ನಿಮ್ಮ ಯಜಮಾನ್ರು ಹೇಳಿದ್ರು," ಎಂದು ಅವನು ಹಲ್ಲು ಕಿರಿದ. "ಅಷ್ಟ ದಿನದಾಗ ಒಂದ್ ತಾಸ್ ಹೆಚ್ಚು ಕಮ್ಮಿ ಆದ್ರ ಏನ್ ಆಗ್ತೈತ್ರಿ ಅಕ್ಕಾರ?"

"ಆ ತಾಸು ನಮ್ಮವ್ವಂದು, ನಿಮ್ಮಪ್ಪಂದಲ್ಲ! ನಿನ್ನಿ ದಾರ್‍ಯಾಗ ನಿಂದರಸಿ ಬಂದಿಯಲ್ಲ, ಆಕಿ ಇನ್ನೂ ಅಲ್ಲೇ ನಿಂತಾಳ. ನಾ ಮತ್ತ ಬರಾಕತ್ತೀನಿ ಅನ್ನೂದೂ ಆಕಿಗಿ ಗೊತ್ತಿಲ್ಲ. ನೀ ಇಲ್ಲಿ ಚಾ ಊದೂ ಅಷ್ಟು ಹೊತ್ತೂ ಆಕಿ ಅಲ್ಲಿ ಅಳ್ತಾಳ. ತಿಳೀತೇನು?"

ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಡ್ರೈವರನೂ ಬಸಿ ಕೆಳಗಿಟ್ಟು ಎದ್ದು ಬಂದ. ಮೋಟಾರಿನ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ನಿಂತ.

"ಖರೇ ಐತ್ರಿ ಅಕ್ಕಾರ, ಭಾಳ ತಪ್ಪಾತು," ಎಂದ. "ಅಭೀ ಹೊಂಟ್ವಿ. ಬಸ್, ಒಂದ್ ಸೀಟ್ ರೀ."