ಬಲಕ್ಕೆ ಸಾಯಿ

ಗಾಜಿನಂಗಡಿಯ ಇಂಚಣ್ಣನಿಗೆ ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ಕ್ಷೌರದಂಗಡಿಗೆಂದು ಗೋಡೆಯಗಲದ ಕನ್ನಡಿ ಕತ್ತರಿಸುವಾಗ ಒಂದಿಂಚು ಗಿಡ್ಡ ಮಾಡಿಬಿಟ್ಟ. ಗಿಡ್ಡವಾದ ಕನ್ನಡಿಯನ್ನು ಎಳೆದು ಉದ್ದ ಮಾಡಲಾದೀತೇ? ಅಂಗಡಿಯ ಯಜಮಾನ, ಅಂದರೆ ಅವನ ಅಕ್ಕನ ಗಂಡ, ಬೀದಿಗೆಲ್ಲ ಕೇಳುವಂತೆ ಬೈದ. ಬೀದಿಯವರು ಆ ಬೈಗುಳದಿಂದ ಒಂದು ಹೆಸರು ಹೆಕ್ಕಿಕೊಂಡರು. ಕ್ಷೌರದವನು ಮಾತ್ರ ಆ ಒಂದಿಂಚಿನ ಸಂದಿನಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡು ಸುಖವಾಗಿದ್ದ.

ಭಾವನ ಬೈಗುಳಕ್ಕೆ ಬೇಸರಪಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವನ ಬಾಯಲ್ಲಿ ‘ಸಾಯಿ’ ಎನ್ನುವುದು ಬೈಗುಳವೇ ಅಲ್ಲ, ಉಪ್ಪಿನ ಹಾಗೆ ಎಲ್ಲಕ್ಕೂ ಬೀಳುತ್ತಿತ್ತು. ಊಟಕ್ಕೆ ಕರೆಯುವುದಾದರೆ ‘ಬಂದು ಸಾಯಿ’, ಮಲಗು ಎನ್ನುವುದಾದರೆ ‘ಹೋಗಿ ಬಿದ್ದು ಸಾಯಿ’. ದೊಡ್ಡ ಗಾಜು ಹೊರುವಾಗಲಂತೂ ಬೇರೆ ಮಾತೇ ಇಲ್ಲ. ಆಳೆತ್ತರದ ಗಾಜಿಗೆ ಇಬ್ಬರು ಬೇಕು. ಒಬ್ಬ ಹಿಮ್ಮುಖವಾಗಿ ಹೆಜ್ಜೆಯಿಡುತ್ತಾನೆ, ಎದುರಿನವನು ದಾರಿ ನೋಡಿ ಹೇಳುತ್ತಾನೆ. ಹಿಮ್ಮುಖ ನಡೆಯುವವನು ಯಾವಾಗಲೂ ಇಂಚಣ್ಣ. ‘ಬಲಕ್ಕೆ ಸಾಯಿ’ ಅಂದರೆ ಬಲಕ್ಕೆ, ‘ಎಡಕ್ಕೆ ಸಾಯಿ’ ಅಂದರೆ ಎಡಕ್ಕೆ. ತಿರುಗಿ ನೋಡಿದರೆ ಗಾಜು ಓರೆಯಾಗುತ್ತದೆ, ಯೋಚಿಸುತ್ತ ನಿಂತರೆ ಕೈ ಸೋಲುತ್ತದೆ. ಕಿವಿಗೆ ಬಿದ್ದದ್ದು ನೇರ ಕಾಲಿಗೆ ಇಳಿಯಬೇಕು. ಹದಿನೈದು ವರ್ಷ ಹಾಗೆ ನಡೆದರೂ ಅವನು ಒಂದು ಹೊಸ್ತಿಲನ್ನೂ ಎಡವಿರಲಿಲ್ಲ.

ಆಮೇಲೆ ರಕ್ತದ ಕಾಯಿಲೆ ಬಂತು. ಡಾಕ್ಟರು ಅದರ ಉದ್ದನೆಯ ಹೆಸರು ಹೇಳುವಾಗ ಭಾವ ಪಕ್ಕದಲ್ಲೇ ಕೂತಿದ್ದ. ಮನೆಗೆ ಬಂದವನೇ ಮೆತ್ತಗೆ, “ಊಟ ಮಾಡ್ತೀಯೇನಪ್ಪಾ?” ಎಂದು ಕೇಳಿದ. ಕಾಯಿಲೆ ಎಷ್ಟು ದೊಡ್ಡದೆಂದು ಇಂಚಣ್ಣನಿಗೆ ಅರ್ಥವಾದದ್ದು ಆಗ. ಡಾಕ್ಟರ ಮಾತಿನಿಂದಲ್ಲ, ಆ ‘ಅಪ್ಪಾ’ದಿಂದ.

ಕೂದಲು ಉದುರಿತು, ಮತ್ತೆ ಹುಟ್ಟಿತು. ತೂಕ ಇಳಿಯಿತು, ಮತ್ತೆ ಏರಿತು. ಇನ್ನು ಮೊದಲಿನಂತೆ ಇರಬಹುದು ಎಂದು ಡಾಕ್ಟರು ಕೈಕುಲುಕಿ ಕಳಿಸಿದರು. ಆದರೆ ಮನೆಗೆ ಬಂದು ನೋಡಿದರೆ ಮೊದಲಿನದು ಯಾವುದೂ ಇರಲಿಲ್ಲ. ಭಾವ ಗಾಜು ಸಾಗಿಸಲು ಚಕ್ರದ ತಳ್ಳುಗಾಡಿ ತಂದಿದ್ದ. ಇಂಚಣ್ಣನಿಗೆ ಮೂಲೆಯಲ್ಲಿ ಒಂದು ಕುರ್ಚಿ, ಅದರ ಮೇಲೊಂದು ದಿಂಬು, ಫೋಟೋ ಕಟ್ಟಿಗೆ ಬೇಕಾದ ಅಂಗೈಯಗಲದ ಗಾಜು ಕತ್ತರಿಸುವ ಕೆಲಸ. ಬೀದಿಯವರು ಇಂಚಣ್ಣ ಎನ್ನುವುದನ್ನು ಬಿಟ್ಟು “ಹೇಗಿದ್ದೀರಿ?” ಎನ್ನತೊಡಗಿದರು. ಮಾಳಿಗೆಯ ಅವನ ಕೋಣೆಗೆ ಅಕ್ಕ ಸದ್ದಾಗದಂತೆ ಬಂದು ತಟ್ಟೆ ಇಟ್ಟು ಹೋಗುತ್ತಿದ್ದಳು. ಕೆಳಗೆ ಭಾವ ಟೀವಿಯ ಸದ್ದು ತಗ್ಗಿಸಿಕೊಂಡು ಕೂರುತ್ತಿದ್ದ. ತುಂಬಿದ ಮನೆಯಲ್ಲಿ ಅವನೊಬ್ಬ ಅತಿಥಿ. ಹೋಗಿ ಎಂದು ಯಾರೂ ಹೇಳದ, ಯಾವಾಗ ಹೋಗುತ್ತಾನೋ ಎಂದು ಎಲ್ಲರೂ ಹೆದರುವ ಅತಿಥಿ.

ಒಂದು ದಿನ ತಡೆಯಲಾರದೆ ಕೇಳಿದ. “ಭಾವ, ಆ ಗಾಡಿ ಆಚೆ ಇಡು. ಗಾಜಿನ ಇನ್ನೊಂದು ತುದಿ ನಾನು ಹಿಡೀತೀನಿ.”

“ಅವಸರ ಏನಪ್ಪಾ, ಆಗ್ಲಿ, ನೋಡೋಣ.”

“ಯಾವಾಗ?”

ಭಾವನ ಕಣ್ಣು ಗೋಡೆಗೆ ಒರಗಿದ್ದ ಗೇರ್ ಸೈಕಲ್ಲಿನ ಮೇಲೆ ಹೋಯಿತು. ಕಾಯಿಲೆಗೆ ಮುಂಚೆ ಇಂಚಣ್ಣ ರಜೆಯ ದಿನ ಅದನ್ನು ತುಳಿದುಕೊಂಡು ಗುಡ್ಡದ ಕಡೆ ಒಬ್ಬನೇ ಹೋಗುತ್ತಿದ್ದ. “ಗುಡ್ಡದ ಮೇಲೆ ಅದೇನೋ ರೇಸ್ ಮಾಡ್ತಾರಲ್ಲ, ಅದನ್ನ ಮುಗಿಸೋ ಶಕ್ತಿ ಬರ್ಲಿ. ಆಮೇಲೆ ಹಿಡಿಯುವಂತೆ.”

ಮಾತು ಮುಂದೂಡಲು ಹೇಳಿದ್ದು ಅದು. ಇಂಚಣ್ಣ ಅದನ್ನು ಹಾಗೇ ಹಿಡಿದುಕೊಂಡ.

ಬೆಳಿಗ್ಗೆ ‘ವಾಕಿಂಗ್’ ಎಂದು ಹೇಳಿ ಸೈಕಲ್ ತುಳಿದ. ಮೊದಮೊದಲು ಬೀದಿಯ ಏರಿನಲ್ಲೇ ದಮ್ಮು ಕಟ್ಟಿ ಅಂಚೆ ಡಬ್ಬಿಗೆ ಆತು ನಿಲ್ಲುತ್ತಿದ್ದ. ಚಳಿ ಕಳೆಯುವ ಹೊತ್ತಿಗೆ ಗುಡ್ಡದ ನೆತ್ತಿಯವರೆಗೆ ತುಳಿಯುವ ಶಕ್ತಿ ಬಂತು. ಅಲ್ಲಿ ನಿಂತು, ನೋಡಿದಿರಾ ಎಂದು ಕೇಳಲು ಯಾರೂ ಇರಲಿಲ್ಲ. ನೀರು ಕುಡಿದು ಇಳಿದು ಬರುತ್ತಿದ್ದ.

ರೇಸು ಹವ್ಯಾಸಿಗಳದ್ದು. ಕಾಡು, ಕಲ್ಲು, ಹಳ್ಳ ದಾಟುತ್ತ ಮೂರು ಸುತ್ತು. ಕೊನೆಯ ಸುತ್ತಿಗೆ ಬಿಡುವ ಗೇಟು ನಡುಮಧ್ಯಾಹ್ನಕ್ಕೆ ಮುಚ್ಚುತ್ತದೆ, ಆಮೇಲೆ ಬಂದವರು ಮನೆಗೆ. ಹಿಂದಿನಿಂದ ಯಾರಾದರೂ ‘ಬಲಕ್ಕೆ’ ಎಂದು ಕೂಗಿದರೆ ಅವರು ಬಲದಿಂದ ಮುಂದೆ ಹೋಗುತ್ತಾರೆಂದು ಅರ್ಥ, ನೀವು ಎಡಕ್ಕೆ ಸರಿದು ದಾರಿ ಕೊಡಿ ಎಂದು ಹೊರಡುವ ಮುಂಚೆ ಮೈಕಿನವನು ಎರಡೆರಡು ಸಲ ಹೇಳಿದ. ಎಲ್ಲರ ಜೊತೆ ಇಂಚಣ್ಣನೂ ತಲೆಯಾಡಿಸಿದ.

ಮೊದಲ ಏರಿನ ಅಗಲ ದಾರಿಯಲ್ಲೇ ಎಲ್ಲರೂ ಅವನನ್ನು ದಾಟಿ ಹೋದರು. ಎರಡನೆಯ ಸುತ್ತಿನಲ್ಲಿ ಕಾಡಿನೊಳಗೆ ಅವನೊಬ್ಬನೇ. ಸರಪಳಿಯ ಕಿರಿಕಿರಿ, ತನ್ನದೇ ಏದುಸಿರು. ದಾರಿ ಒಂದೇ ಸೈಕಲ್ಲಿಗೆ ಸಾಕಾಗುವಷ್ಟು. ಆಸ್ಪತ್ರೆಯಲ್ಲಿ ದೀಪ ಆರಿಸಿದ ಮೇಲೆ ಎಷ್ಟು ಒಂಟಿಯಾಗಿದ್ದನೋ ಇಲ್ಲೂ ಅಷ್ಟೇ ಒಂಟಿ. ತಾನು ಇಲ್ಲಿ ಬಿದ್ದರೆ ಗೊತ್ತಾಗಲು ಸಂಜೆಯಾಗಬೇಕು ಎನ್ನಿಸಿತು.

ಆಗ ಬೆನ್ನ ಹಿಂದಿನಿಂದ ಬಂತು ದನಿ. “ಬಲಕ್ಕೆ!”

ಮೈಕಿನವನು ಹೇಳಿದ್ದು ತಲೆಯಲ್ಲಿತ್ತು. ಕಾಲು ತಲೆಯನ್ನು ಕೇಳಲಿಲ್ಲ. ವರ್ಷದಿಂದ ಯಾರೂ ಕೂಗದಿದ್ದ ಮಾತು ಅದು. ಅವನು ಒಂದು ಕ್ಷಣವೂ ಯೋಚಿಸದೆ ಹ್ಯಾಂಡಲ್ ಬಲಕ್ಕೆ ತಿರುಗಿಸಿದ.

ಹಿಂದಿನ ಸೈಕಲ್ ಬಂದು ಗುದ್ದಿತು. ಎರಡು ಸೈಕಲ್ಲು, ಎರಡು ಜೀವ, ಎಲ್ಲ ಸೇರಿ ಪೊದೆಯೊಳಗೆ. ಮೇಲೆದ್ದವಳು ಹಸಿರು ಹೆಲ್ಮೆಟ್ಟಿನ ಹೆಂಗಸು, ಅವನಿಗಿಂತ ಒಂದು ಸುತ್ತು ಮುಂದೆ, ಆಗಲೇ ಕೊನೆಯ ಸುತ್ತಿನ ಮುಂಚೂಣಿಯಲ್ಲಿದ್ದವಳು.

“ಬಲಕ್ಕೆ ಅಂದ್ನಲ್ರೀ!”

“ಅದಕ್ಕೇ ಬಲಕ್ಕೆ ಬಂದೆ.”

“ನಾನು ಬಲಕ್ಕೆ ಬರ್ತೀನಿ ಅಂದ್ರೆ ನೀವೂ ಅಲ್ಲೇ ಬಂದು ಸಾಯ್ತೀರಲ್ರೀ! ಇಷ್ಟಗಲ ಕಾಡು ಬಿದ್ದಿದೆ, ಸಾಯೋಕೆ ನನ್ನ ಚಕ್ರಾನೇ ಬೇಕಿತ್ತಾ?”

ಇಂಚಣ್ಣ ಮುಳ್ಳಿನಲ್ಲಿ ಕೂತೇ ಅವಳ ಮುಖ ನೋಡಿದ. ಮೊಣಕೈ ಸುಲಿದು ರಕ್ತ ಬರುತ್ತಿತ್ತು. ಅವನಿಗೆ ಅಳು ಬಂತು. ನೋವಿಗಲ್ಲ, ಸಂತೋಷಕ್ಕೆ. ಈ ಭೂಮಿಯ ಮೇಲೆ ಒಬ್ಬಳಿಗೆ ಅವನ ಕಾಯಿಲೆ ಗೊತ್ತಿಲ್ಲ, ಅವಳು ಅವನನ್ನು ಬಾಯಿತುಂಬ ಬೈಯುತ್ತಿದ್ದಾಳೆ.

“ಇನ್ನೊಂದ್ಸಲ ಹೇಳಿ,” ಅಂದ.

“ತಲೆಗೆ ಪೆಟ್ಟು ಬಿತ್ತೇನ್ರೀ? ಎದ್ದು ಸಾಯಿರಿ, ಗೇಟು ಮುಚ್ತಾರೆ,” ಎಂದು ಕೈಹಿಡಿದು ಎಬ್ಬಿಸಿ, ಅವನ ಸೈಕಲ್ಲಿನ ಮುಂದಿನ ಚಕ್ರವನ್ನು ಕಾಲಿನ ನಡುವೆ ಸಿಕ್ಕಿಸಿ ಹ್ಯಾಂಡಲ್ ನೆಟ್ಟಗೆ ಮಾಡಿಕೊಟ್ಟು ಅವಳು ಹೊರಟೇಬಿಟ್ಟಳು. ಕಾಡು ಮತ್ತೆ ಖಾಲಿಯಾಯಿತು.

ಗೇಟಿನವನು ಹಗ್ಗ ಕಟ್ಟುತ್ತಿರುವಾಗ ಇಂಚಣ್ಣ ಅದರಡಿಯಲ್ಲಿ ತಲೆ ತಗ್ಗಿಸಿ ನುಗ್ಗಿದ. ಮೂರನೆಯ ಸುತ್ತನ್ನು ಅರ್ಧ ತುಳಿದು, ಅರ್ಧ ಸೈಕಲ್ ತಳ್ಳಿಕೊಂಡು ಮುಗಿಸಿದಾಗ ಮೈಕ್ ಬಿಚ್ಚಿಯಾಗಿತ್ತು, ಕುರ್ಚಿಗಳು ಒಂದರ ಮೇಲೊಂದು ಏರಿದ್ದವು. ಒಬ್ಬಾಕೆ ರಟ್ಟಿನ ಡಬ್ಬಿಯಲ್ಲಿ ತಡಕಾಡಿ ಕೊನೆಯ ಪದಕ ತೆಗೆದು ಕೊಟ್ಟಳು. ಅವನು ಅದನ್ನು ತಾನೇ ಕೊರಳಿಗೆ ಹಾಕಿಕೊಂಡ. ಹಸಿರು ಹೆಲ್ಮೆಟ್ಟಿಗಾಗಿ ಸುತ್ತ ನೋಡಿದ. ಅವಳು ಹೋಗಿದ್ದಳು.

ಮನೆಯಲ್ಲಿ ಸುಲಿದ ಮೊಣಕೈ ಕಂಡ ಭಾವನ ಮುಖ ಬಿಳಿಚಿಕೊಂಡಿತು. ಈಗ ಬೈಯುತ್ತಾನೆ ಎಂದು ಇಂಚಣ್ಣ ಆಸೆಯಿಂದ ಕಾದ. ಭಾವ ಹತ್ತಿ ತಂದು ಒರೆಸುತ್ತ, “ಉರೀತಿದೆಯೇನಪ್ಪಾ?” ಅಂದ. ಇಂಚಣ್ಣ ಪದಕ ಬಿಚ್ಚಿ ಅವನ ಮುಂದಿಟ್ಟು ಮಾಳಿಗೆ ಹತ್ತಿದ.

ಮರುದಿನ ಬಟ್ಟೆಯಂಗಡಿಗೆ ದೊಡ್ಡ ಗಾಜು ಹೋಗಬೇಕಿತ್ತು. ಭಾವ ತಳ್ಳುಗಾಡಿಯ ಕಡೆ ನೋಡಿದ, ಪದಕದ ಕಡೆ ನೋಡಿದ, ಕೊನೆಗೆ ಗಾಜಿನ ಒಂದು ತುದಿ ಹಿಡಿದು ನಿಂತ. ಇಂಚಣ್ಣ ಇನ್ನೊಂದು ತುದಿ ಹಿಡಿದ. ತೂಕ ಹಳೆಯದೇ. ಹಿಂದೆ ಹಿಂದೆ ಹೆಜ್ಜೆಯಿಟ್ಟ. ಬಾಗಿಲು ಹತ್ತಿರ ಬಂತು.

“ಬಲಕ್ಕೆ ಬಾಪ್ಪಾ,” ಅಂದ ಭಾವ.

ಇಂಚಣ್ಣ ನಿಂತ.

“ಬಲಕ್ಕೆ, ಸ್ವಲ್ಪ.”

ಅವನು ಅಲುಗಲಿಲ್ಲ. ಗಾಜಿನಾಚೆ ಭಾವನ ಮುಖ ಕೆಂಪೇರಿತು. ಕತ್ತಿನ ನರ ಉಬ್ಬಿತು.

“ಯಾಕೋ? ಕೈ ಜಾರ್ತಿದೆ ಕಣೋ.”

“ಸರಿಯಾಗಿ ಹೇಳು, ಭಾವ.”

ಭಾವನಿಗೆ ಅರ್ಥವಾಯಿತು. ತುಟಿ ಎರಡು ಸಲ ತೆರೆಯಿತು, ಎರಡು ಸಲ ಮುಚ್ಚಿತು. ಗಾಜು ಇಬ್ಬರ ನಡುವೆ ಗಡಗಡ ನಡುಗತೊಡಗಿತು.

“ಬಲಕ್ಕೆ ಸಾಯೋ, ಕತ್ತೆ!” ಎಂದು ಕಿರುಚಿದ. ಕೊನೆಗೆ ದನಿ ಒಡೆದುಹೋಯಿತು.

ಇಂಚಣ್ಣ ಬಲಕ್ಕೆ ಸರಿದ. ಹೊಸ್ತಿಲು ದಾಟಿ, ಬೀದಿ ದಾಟಿ, ಗಾಜನ್ನು ಬಟ್ಟೆಯಂಗಡಿಯ ಗೋಡೆಗೆ ಒರಗಿಸುವವರೆಗೂ ಭಾವ ಅಳುತ್ತಲೇ ಬಂದ. ಎರಡೂ ಕೈಯಲ್ಲಿ ಗಾಜಿದ್ದುದರಿಂದ ಕಣ್ಣು ಒರೆಸಿಕೊಳ್ಳಲು ಅವನಿಗೆ ಆಗಲಿಲ್ಲ.