ಹುಳದ ಮನೆಯ ಚಿಲಕ

ಹುಳದ ಮನೆಯೊಳಕ್ಕೆ ಓತಿಕ್ಯಾತವನ್ನು ಕೊಂಡುಹೋದವಳು ನಾನು. ಬಾಗಿಲ ಚಿಲಕ ಹಾಕದೆ ಓಡಿಬಂದವಳೂ ನಾನೇ. ಇಷ್ಟು ವರ್ಷ ಆ ತಪ್ಪನ್ನು ನನ್ನ ಗಂಡನ ಅಕ್ಕ ಭಾಗ್ಯಕ್ಕ ಹೊತ್ತುಕೊಂಡಿದ್ದಾರೆ — ಹೊರಿಸಿದವಳು ನಾನೆಂದು ಅವರಿಗೆ ಇವತ್ತಿಗೂ ತಿಳಿಯದು.

ರೇಷ್ಮೆ ಸಾಕುವ ಮನೆಗಳಲ್ಲಿ ಬೆಳೆದವರಿಗೆ ಮೊದಲ ಮಾತಿಗೇ ಮೈ ಜುಮ್ಮೆಂದಿರುತ್ತದೆ. ಉಳಿದವರಿಗೆ ಬಿಡಿಸಿ ಹೇಳಬೇಕು. ಚಿಕ್ಕರಸಿನಕೆರೆಯ ಹತ್ತಿರದ ನಮ್ಮೂರಿನಲ್ಲಿ ಹುಳದ ಮನೆಯೆಂದರೆ ದೇವರ ಮನೆಗಿಂತ ಒಂದು ಕೈ ಮೇಲು. ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಹೊರಗಿನವರನ್ನು ಬಿಡುವಂತಿಲ್ಲ. ಹುಳ ಸಾಕುವ ಅಗಲ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಿರಲೆಂದು ನೀರಿನ ಬಟ್ಟಲಿನಲ್ಲಿ ಇಟ್ಟಿರುತ್ತಾರೆ. ಹಲ್ಲಿ, ಓತಿಕ್ಯಾತಗಳಂತೂ ಹುಳದ ಹುಟ್ಟು ವೈರಿಗಳು. ಅಂಥ ಮನೆಗೆ ಸೊಸೆಯಾಗಿ ಬಂದ ನಾನು ಮಾಡಿದ್ದೇನು? ಸಾಕುತ್ತೇನೆಂದು ಒಂದು ಓತಿಕ್ಯಾತವನ್ನೇ ತಂದೆ!

ಅದು ಬಂದದ್ದು ಮಂಡ್ಯದಿಂದ. ಮದ್ದೂರಿನಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಕಚೇರಿಯಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಮಂಡ್ಯದ ತನ್ನ ಬಾಡಿಗೆ ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಮರಿ ಇಟ್ಟುಕೊಂಡಿದ್ದಳು — ಆಸ್ಟ್ರೇಲಿಯಾ ಕಡೆಯ ಜಾತಿ, ಗಂಟಲ ಕೆಳಗೆ ಗಡ್ಡದ ಹಾಗೆ ಮುಳ್ಳುಮುಳ್ಳು. ಮನೆ ಮಾಲೀಕರು ಬೇಡವೆಂದರಂತೆ. ಬೆರಳುದ್ದದ ಆ ಮರಿ ತಲೆ ಓರೆ ಮಾಡಿ ನನ್ನ ನೋಡಿತು, ನಾನು ಹಿಂದೆಮುಂದೆ ನೋಡದೆ ತಂದುಬಿಟ್ಟೆ. ಮೈಬಣ್ಣ ನೋಡಿ ಕೆಂಚ ಎಂದು ಕರೆದೆ. ನನ್ನ ಗಂಡ ನಕ್ಕರು. ಅತ್ತೆ ನಗಲಿಲ್ಲ. ಈ ಜಂತುವನ್ನು ಈಗಿಂದೀಗಲೇ ನಾಲೆಯ ಆಚೆ ಬಿಟ್ಟು ಬಾ ಎಂದರು. ಆಗ ಅಡ್ಡ ಬಂದವರು ಭಾಗ್ಯಕ್ಕ.

“ಮಹಡಿ ಮ್ಯಾಲಿನ ರೂಮಲ್ಲಿ ಇರ್ಲಿ ಬುಡವ್ವ. ಕೆಳಕ್ಕೆ ಬಂದ್ರೆ ನನ್ನ ಕೇಳು.”

ನನ್ನ ಕೇಳು — ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಭಾಗ್ಯಕ್ಕನ ಸಂಸಾರ ಚಿಕ್ಕ ವಯಸ್ಸಿನಲ್ಲೇ ಮುರಿದುಬಿದ್ದು, ತವರಿಗೆ ವಾಪಸು ಬಂದವರು. ಬಂದು ಮೂಲೆ ಹಿಡಿಯಲಿಲ್ಲ. ಹಾಳುಬಿದ್ದಿದ್ದ ಹುಳದ ಮನೆಗೆ ಸುಣ್ಣ ಹೊಡೆದು, ಬೆಳೆ ಮೇಲೆ ಬೆಳೆ ತೆಗೆದರು. ಅದರ ಬೀಗದಕೈ ಅವರ ಸೊಂಟದಲ್ಲಿರುತ್ತಿತ್ತು. ಆ ಬೀಗದಕೈ ಇದ್ದದ್ದಕ್ಕೇ ಊರವರು ಅವರನ್ನು ‘ಗಂಡನ ಬಿಟ್ಟು ಬಂದವಳು’ ಎನ್ನುವ ಬದಲು ‘ಹುಳದ ಮನೆ ಭಾಗ್ಯಕ್ಕ’ ಎನ್ನುತ್ತಿದ್ದರು.

ಕೆಂಚ ತಿನ್ನಲಿಲ್ಲ. ಗೆಳತಿ ಕೊಟ್ಟಿದ್ದ ಸಣ್ಣ ಚಿಮ್ಮಂಡೆ ಹುಳಗಳನ್ನು ಅದರ ಡಬ್ಬಿಯೊಳಗೆ ಬಿಟ್ಟರೆ ತಾನೇ ಹೆದರಿ ಮೂಲೆ ಸೇರುತ್ತಿತ್ತು. ಸೊಪ್ಪು ಹೆಚ್ಚಿಟ್ಟರೆ ಅದರ ಮೇಲೆ ನಡೆದುಹೋಗುತ್ತಿತ್ತು. ನಾನೋ — ಗಳಿಗೆಗೊಮ್ಮೆ ಎತ್ತಿ ನೋಡುವುದು, ಮೂತಿಗೆ ಹುಳ ಹಿಡಿಯುವುದು, ಬಂದುಹೋದವರಿಗೆಲ್ಲ ತೋರಿಸುವುದು. ಫೋನಿನಲ್ಲಿ ಓದಿದ ಮೇಲೆ ಗೊತ್ತಾಯಿತು, ಹೊಸ ಜಾಗಕ್ಕೆ ಬಂದ ಮರಿಯನ್ನು ಅದರ ಪಾಡಿಗೆ ಬಿಡಬೇಕು, ಮೈ ಬೆಚ್ಚಗಿರಬೇಕು, ಕೊಡುವ ಹುಳ ಅದರ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದಪ್ಪವಿರಬಾರದು. ಭಾಗ್ಯಕ್ಕ ಯಾವ ಫೋನೂ ನೋಡದೆ ಅದನ್ನೇ ಅವರ ಭಾಷೆಯಲ್ಲಿ ಹೇಳಿದರು. ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಇದೂ ಜ್ವರಕ್ಕೆ ಕೂತಿದೆ, ಮುಟ್ಟಬೇಡ, ಎದ್ದ ಮೇಲೆ ತಿನ್ನುತ್ತದೆ ಎಂದರು. ನನಗೆಲ್ಲಿಯ ತಾಳ್ಮೆ!

ಚಳಿಗಾಲ ಬೇರೆ. ಅದಕ್ಕೆಂದು ಹಾಕಿದ್ದ ಬಿಸಿ ದೀಪ ಕರೆಂಟು ಹೋದಾಗಲೆಲ್ಲ ಆರುತ್ತಿತ್ತು. ಕರೆಂಟು ಹೋಗುವುದಕ್ಕೆ ನಮ್ಮಲ್ಲಿ ಹೊತ್ತುಗೊತ್ತಿಲ್ಲ. ಕೆಂಚನ ಮೈ ಕಪ್ಪಿಟ್ಟಿತು, ಹೊಟ್ಟೆ ಬೆನ್ನಿಗೆ ಹತ್ತಿತು, ಕಣ್ಣು ಮುಚ್ಚಿಕೊಂಡೇ ಇರತೊಡಗಿತು. ಮಂಡ್ಯದ ಪಶುವೈದ್ಯರೊಬ್ಬರಿಗೆ ಫೋನು ಮಾಡಿದೆ. ಬಲವಂತ ಮಾಡಿ ಬಾಯಿ ಬಿಡಿಸಬೇಡಿ, ಮೊದಲು ಮೈ ಬಿಸಿಯಾಗಲಿ, ಆಮೇಲೆ ಊಟ ಎಂದರು. ಬಿಸಿ ಎಲ್ಲಿಂದ ತರಲಿ?

ಇಡೀ ಮನೆಯಲ್ಲಿ ಸದಾ ಬೆಚ್ಚಗಿರುತ್ತಿದ್ದುದು ಒಂದೇ ಜಾಗ. ಆಗ ನಾವು ಮೊಟ್ಟೆಯಿಂದಲೇ ಹುಳ ಎಬ್ಬಿಸುತ್ತಿದ್ದೆವು, ಎಳೆ ಹುಳಗಳಿಗೆ ಕಾವಿರಲೆಂದು ಹುಳದ ಮನೆಯಲ್ಲಿ ಇದ್ದಿಲ ಒಲೆ ಉರಿಯುತ್ತಿತ್ತು. ಬಾಗಿಲಿಗೆ ಬೀಗ ಬೀಳುತ್ತಿದ್ದುದು ರಾತ್ರಿ ಮಾತ್ರ, ಹಗಲು ಬರೀ ಚಿಲಕ. ಕಾಲೇಜಿಗೆ ರಜೆ. ಮಧ್ಯಾಹ್ನ ಭಾಗ್ಯಕ್ಕ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರು, ಅತ್ತೆ ಜಗುಲಿಯಲ್ಲಿ ಅಡ್ಡಾದರು. ನಾನು ಕೆಂಚನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ. ಕಾಲು ತೊಳೆದುಕೊಂಡೇ ಹೋದೆ — ಕಳ್ಳತನಕ್ಕೆ ಎಂಥ ಮಡಿ!

ಒಲೆಯಿಂದ ಒಂದಿಷ್ಟು ದೂರದಲ್ಲಿಟ್ಟೆ. ನಿಧಾನಕ್ಕೆ ಮೈ ಬಣ್ಣ ತಿರುಗಿತು. ಕಣ್ಣು ಬಿಟ್ಟಿತು. ತಟ್ಟೆಯ ಅಂಚಿನಿಂದ ಒಂದು ಎಳೆ ಹುಳವನ್ನು ಕೋಳಿಪುಕ್ಕದಲ್ಲಿ ಸರಿಸಿ ಎಲೆಯ ಚೂರಿನ ಮೇಲೆ ಅದರ ಮುಂದಿಟ್ಟೆ. ಹುಳ ತಲೆಯಾಡಿಸಿತು. ಕೆಂಚ ತಲೆ ಓರೆ ಮಾಡಿತು, ನಾಲಗೆ ಚಾಚಿ — ಪಟ್ಟನೆ ನುಂಗಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು. ಆ ಸಂತೋಷವನ್ನು ಈಗಲೂ ನಾನು ಅಲ್ಲಗಳೆಯಲಾರೆ.

ಒಂದು ದಿನಕ್ಕೆ ನಿಲ್ಲಿಸಿದ್ದರೆ — ನಿಲ್ಲಿಸಲಿಲ್ಲ. ದಿನಾ ಮಧ್ಯಾಹ್ನ ಹೋದೆ. ಒಂದು ದಿನ ಹಿತ್ತಿಲಲ್ಲಿ ಅತ್ತೆಯ ದನಿ ಕೇಳಿತು. ಗಡಿಬಿಡಿಯಲ್ಲಿ ಡಬ್ಬಿ ವಾಲಿ, ಕೆಂಚ ತಟ್ಟೆಗೆ ಹಾರಿ ಹುಳಗಳ ಮೇಲೆಲ್ಲ ಓಡಾಡಿ, ಸಿಕ್ಕಿದ್ದನ್ನು ನುಂಗಿ ಹಿಕ್ಕೆ ಹಾಕಿತು. ಹಿಡಿದುಕೊಂಡು ಹಿಂದಿನ ಮೆಟ್ಟಿಲು ಹತ್ತಿ ಓಡಿದೆ. ಚಿಲಕದ ಗ್ಯಾನವೇ ಇರಲಿಲ್ಲ.

ಭಾಗ್ಯಕ್ಕ ತೋಟದಿಂದ ಬರುತ್ತಲೇ ಅತ್ತೆ ಎಲ್ಲರನ್ನೂ ಅಂಗಳಕ್ಕೆ ಕರೆದರು. ಹಿಕ್ಕೆ ಬಿದ್ದ ತಟ್ಟೆ ಅವರ ಕೈಯಲ್ಲೇ ಇತ್ತು. ಮೊದಲು ನನ್ನ ಕಡೆಯೇ ತಿರುಗಿ, ನಿನ್ನ ಜಂತು ಕೆಳಗೆ ಬಂದಿತ್ತಾ ಎಂದು ಕೇಳಿದರು. ನಿಜ ಹೇಳುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ನನಗೆ ಮತ್ತೆಂದೂ ಸಿಗಲಿಲ್ಲ.

“ಇಲ್ಲ ಅತ್ತೆ. ಅದು ಮೇಲೇ ಇದೆ. ಹುಳದ ಮನೆ ಬಾಗ್ಲು ಮಧ್ಯಾಹ್ನದಿಂದ ತೆಗ್ದೇ ಇತ್ತು, ನಾನೇ ನೋಡ್ದೆ.”

ಇಲ್ಲ ಎಂದಷ್ಟೇ ಹೇಳಬಹುದಿತ್ತು. ಬಾಗಿಲ ಮಾತು ಯಾಕೆ ಸೇರಿಸಿದೆ? ಕೆಂಚನನ್ನು ಎಸೆದುಬಿಡುತ್ತಾರೆಂಬ ಹೆದರಿಕೆಯಿಂದ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಸೊಸೆಯಾಗಿ ನನ್ನ ಹೆಸರು ಕೆಡಬಾರದಿತ್ತು, ಅಷ್ಟೇ.

ಭಾಗ್ಯಕ್ಕ ಮಾತ್ರ ಆಗಲೂ ನನ್ನ ಪರವೇ ನಿಂತರು. ಅದು ಬಾಯೇ ಬಿಟ್ಟಿಲ್ಲ, ಪಾಪ, ಅದೇನು ಹುಳ ತಿಂದೀತು ಎಂದರು. ಹೊರಗಿನ ಓತಿಕ್ಯಾತವೇ ನುಗ್ಗಿರಬೇಕು ಎಂದರು. ಆಮೇಲೆ ತಲೆ ತಗ್ಗಿಸಿ, “ನಾನೇ ಚಿಲಕ ಮರ್ತಿರ್ಬೇಕು ಕಣವ್ವ,” ಎಂದರು.

“ತತ್ತಾ ಇಲ್ಲಿ ಬೀಗದ್ ಕೈಯ,” ಎಂದರು ಅತ್ತೆ.

ಭಾಗ್ಯಕ್ಕ ಸೊಂಟದಿಂದ ಬಿಚ್ಚಿ ಕೊಟ್ಟರು. ರೋಗ ಹರಡೀತೆಂದು ಆ ತಟ್ಟೆಯ ಹುಳವನ್ನೆಲ್ಲ ಗುಂಡಿಗೆ ಹಾಕಿದರು. ಅವತ್ತಿನಿಂದ ಹಗಲೂ ಬೀಗ. ಪ್ರತಿ ಸಲ ಸೊಪ್ಪು ಹಾಕಲು ಭಾಗ್ಯಕ್ಕ ಅವ್ವನ ಮುಂದೆ ಕೈಯೊಡ್ಡಿ ನಿಲ್ಲಬೇಕಾಯಿತು.

ಇನ್ನು ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟ. ಬೆಚ್ಚನೆಯ ಜಾಗ ತಪ್ಪಿ ಕೆಂಚ ಮತ್ತೆ ಬಾಯಿ ಮುಚ್ಚಿತು. ಕೆಲಸ ಕಡಿಮೆಯಾಗಿದ್ದ ಭಾಗ್ಯಕ್ಕ ಮಹಡಿಗೆ ಬಂದು ನನ್ನ ಜೊತೆ ಕೂತರು. ಕರೆಂಟು ಹೋದಾಗ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಅದರ ಪಕ್ಕದಲ್ಲಿಟ್ಟರು. ಎಳೆ ಹಿಪ್ಪುನೇರಳೆ ಸೊಪ್ಪನ್ನು ಮರಿಹುಳಕ್ಕೆ ಹೆಚ್ಚುವ ಹಾಗೆ ಕೂದಲೆಳೆಯಾಗಿ ಹೆಚ್ಚಿದರು. ಮೇಲೊಂದು ಬಟ್ಟೆ ಮುಚ್ಚಿ, ಬಾ ಕೆಳಗೆ, ಯಾರೂ ನೋಡ್ತಿಲ್ಲ ಅಂದ್ರೆ ತಿಂತದೆ ಎಂದು ನನ್ನನ್ನು ಎಳೆದುಕೊಂಡು ಹೋದರು. ಮತ್ತೆ — ಹಿಂದೆ ಬಿದ್ದು ಬೆಳೆಯದ ಸಣ್ಣ ಹುಳಗಳನ್ನು ತಟ್ಟೆಯಿಂದ ಆರಿಸಿ ಎಸೆಯುತ್ತಾರಲ್ಲ, ಅವನ್ನು ಕೆಂಚನಿಗೆ ಕೊಡಲೇ ಎಂದು ಅತ್ತೆಯನ್ನು ನೇರವಾಗಿ ಕೇಳಿದರು. ಎಸೆಯೋ ಹುಳ ತಾನೇ, ತಕೊಂಡೋಗು ಎಂದರು ಅತ್ತೆ. ಅಷ್ಟೇ. ನಾನು ಕದ್ದದ್ದು ಕೇಳಿದರೆ ಸಿಗುತ್ತಿತ್ತು.

ಕೆಂಚ ತಿಂದಿತು. ಸೊಪ್ಪು ತಿಂದಿತು, ಹುಳ ತಿಂದಿತು, ಭಾಗ್ಯಕ್ಕನ ಅಂಗೈಯಿಂದಲೇ ತಿಂದಿತು. ಈಗ ಮೊಳದುದ್ದ ಬೆಳೆದು ಕಿಟಕಿಯ ಬಿಸಿಲಿಗೆ ಕೂತು ಯಜಮಾನಿಕೆ ಮಾಡುತ್ತದೆ. ಅತ್ತೆಯೂ ಒಮ್ಮೊಮ್ಮೆ ಹಿಪ್ಪುನೇರಳೆ ಹಣ್ಣು ತಂದಿಡುತ್ತಾರೆ. ಅದು ಬದುಕಿದ್ದು ಭಾಗ್ಯಕ್ಕನಿಂದ. ಈ ಮನೆಯಲ್ಲಿ ನಾನು ಉಳಿದದ್ದೂ, ನಿಜ ಹೇಳಬೇಕೆಂದರೆ, ಅವರಿಂದಲೇ. ನನ್ನ ಜ್ವರಕ್ಕೆ ಗಂಜಿ ಕಾಯಿಸಿದವರು, ನಾನು ಕೆಲಸಕ್ಕೆ ಹೋಗಲೆಂದು ನನ್ನ ಪಾಲಿನ ಪಾತ್ರೆ ತೊಳೆದವರು ಅವರು. ಅವರ ಋಣವನ್ನು ನೆನೆಯದ ದಿನವಿಲ್ಲ. ನೆನೆದಾಗಲೆಲ್ಲ ಆ ಬಾಗಿಲೂ ಕಣ್ಣಿಗೆ ಬರುತ್ತದೆ.

ಬೀಗದಕೈ ಹೋದದ್ದೊಂದೇ ನಷ್ಟವೆಂದು ತಿಳಿದಿದ್ದೆ. ಮೊನ್ನೆ ನಾವಿಬ್ಬರೂ ಮಳವಳ್ಳಿಗೆ, ನೆಂಟರ ಗೃಹಪ್ರವೇಶಕ್ಕೆ ಹೊರಟೆವು. ಬಸ್ಸು ಬಂತು. ಹತ್ತಿ ಕೂತ ಭಾಗ್ಯಕ್ಕ ಸರ್ರನೆ ಎದ್ದು ಇಳಿದುಬಿಟ್ಟರು, ಹಿತ್ತಿಲ ಬಾಗಿಲು ಹಾಕಿದೆನೋ ಇಲ್ಲವೋ ಎಂದು. ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ, ಹೇಳಿದೆ. ನಂಬಲಿಲ್ಲ. ಹೋಗಿ ಚಿಲಕ ಅಲ್ಲಾಡಿಸಿ ನೋಡಿ ಬಂದರು, ಬಸ್ಸು ಹೊರಟುಹೋಗಿತ್ತು. ಆಗ ನೆನಪಾಯಿತು — ಎಲ್ಲಿಗೆ ಹೊರಟರೂ ಅವರು ಬೀದಿ ತಿರುವಿನಿಂದ ಒಮ್ಮೆ ಹಿಂದಕ್ಕೆ ಹೋಗುತ್ತಾರೆ. ವರ್ಷಗಳಿಂದ ನೋಡುತ್ತಲೇ ಇದ್ದೇನೆ, ವಯಸ್ಸಾಯಿತು ಎಂದುಕೊಂಡಿದ್ದೇನೆ.

“ನಂಗ್ ಮರೆವು ಜಾಸ್ತಿ ಕಣಮ್ಮ,” ಎಂದರು, ನಾಚಿಕೊಂಡು. “ಆವತ್ತು ಹುಳದ ಮನೇಲೇ ಗೊತ್ತಾಯ್ತಲ್ಲ.”

ನಾನು ಬಾಯಿ ತೆರೆದೆ. ಮುಂದಿನ ಬಸ್ಸು ಬಂತು. ಹತ್ತಿದೆ.

ಬರುವ ಭಾನುವಾರ ಹೊಸ ಬೆಳೆಗೆ ಹುಳ ತರುತ್ತೇವೆ. ಅತ್ತೆ ಬೀಗದಕೈ ಹಿಡಿದು ಬರುತ್ತಾರೆ, ಭಾಗ್ಯಕ್ಕ ಹೊಸ್ತಿಲಲ್ಲಿ ಕೈಯೊಡ್ಡಿ ನಿಂತಿರುತ್ತಾರೆ. ನಾನೂ ಅಲ್ಲಿರುತ್ತೇನೆ. ಅತ್ತೆ ಕೇಳುವ ಹಾಗೆ, ನನ್ನ ಗಂಡ ಕೇಳುವ ಹಾಗೆ ಹೇಳುತ್ತೇನೆ. ಕ್ಷಮಿಸಿ ಎಂದು ಮೊದಲು ಕೇಳುವುದಿಲ್ಲ, ಅದು ಮತ್ತೆ ನನಗಾಗಿ ಕೇಳಿದಂತಾಗುತ್ತದೆ. ಅವರಿಗೆ ಸೇರಬೇಕಾದ ಮಾತು ಬೇರೆಯಿದೆ, ಅದನ್ನು ಮೊದಲು ಒಪ್ಪಿಸಬೇಕು.

ಭಾಗ್ಯಕ್ಕ, ಆವತ್ತು ನೀವು ಏನನ್ನೂ ಮರೆತಿರಲಿಲ್ಲ. ಚಿಲಕ ಹಾಕಿಯೇ ಹೋಗಿದ್ರಿ.