ವರದಿ ಹಾಳೆಯ ಹಿಂಬದಿಯ ಹೂಗಳು

ವರದಿಯನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ತೊಂಬತ್ತರ ದಶಕದಲ್ಲಿ ಸಕಲೇಶಪುರದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದ ನನಗೆ ಕಚೇರಿಯವರು ಮೊದಲ ದಿನವೇ ಹೇಳಿಕೊಟ್ಟ ನಿಯಮ ಇದು. ಎರಡೂ ಕಡೆ ಬರೆದರೆ ಅಕ್ಷರ ಜೋಡಿಸುವವರು ಹಾಳೆ ತಿರುಗಿಸಲು ಮರೆಯುತ್ತಾರೆ, ಅರ್ಧ ಸುದ್ದಿ ಕಾಣೆಯಾಗುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಹಿಂಬದಿ ಖಾಲಿಯಿರುವ ರದ್ದಿ ಹಾಳೆಗಳಿಗೆ ಬರವಿರಲಿಲ್ಲ. ಆ ಖಾಲಿ ಮಗ್ಗುಲನ್ನು ನನ್ನ ಹೆಂಡತಿ ತನ್ನದಾಗಿಸಿಕೊಂಡಳು.

ಅವಳು ಮಗ್ಗೆ ಕಡೆಯ ಬೇಸಾಯದ ಮನೆಯವಳು. ನಮಗೆ ಒಂದನೇ ತರಗತಿಯ ಮಗಳು, ಇನ್ನೂ ತೊಟ್ಟಿಲು ಬಿಡದ ಮಗ. ನಲ್ಲಿಯಲ್ಲಿ ನೀರು ಬಂದಾಗ ಹಿಡಿದಿಡುವುದು, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಡುವುದು, ಬಟ್ಟೆ, ಪಾತ್ರೆ, ಜೊತೆಗೆ ಬೀದಿಯವರ ಸೀರೆಗಳಿಗೆ ಫಾಲ್ಸ್ ಹೊಲಿಯುವುದು. ಹನ್ನೊಂದರ ಸುಮಾರಿಗೆ ಮಗು ಮಲಗಿದರೆ ಕುಕ್ಕರ್ ಒಲೆಗಿಟ್ಟು, ಮೂರನೇ ಕೂಗು ಬರುವ ತನಕ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹೂ ಬರೆಯುತ್ತಿದ್ದಳು. ಮೊದಲು ಒಂದು ಚುಕ್ಕಿ, ಸುತ್ತ ಐದು ಎಸಳು, ಒಂದು ದೇಟು, ಎರಡು ಎಲೆ. ಕಾಫಿ ಹೂವಿನ ಗೊಂಚಲು, ದಾಸವಾಳ, ಕೆಲವೊಮ್ಮೆ ಯಾವ ಗಿಡದಲ್ಲೂ ಬಿಡದ ಹೂ. ತುಂಬಿದ ಹಾಳೆ ನೀರೊಲೆಗೆ ಹೋಗುತ್ತಿತ್ತು. ಇಟ್ಟುಕೊಳ್ಳಬೇಕೆಂದು ಅವಳಿಗೆ ಎಂದೂ ಅನ್ನಿಸಿದಂತಿರಲಿಲ್ಲ. ಬರೆಯುವಾಗ ಅವಳ ಹುಬ್ಬುಗಳ ನಡುವಿನ ಗೆರೆ ಮಾಯವಾಗುತ್ತಿದ್ದುದನ್ನು ನಾನು ಹಲವು ಸಲ ನೋಡಿದ್ದೇನೆ.

ಪಕ್ಕದ ಮನೆಯಾಕೆಯೂ ಜೊತೆಗೂಡಿದಳು. ಆಕೆಯ ಗಂಡನದು ಕಾಫಿ ಮೂಟೆ ಸಾಗಿಸುವ ಲಾರಿ; ಮನೆಯಲ್ಲಿ ಮೂವರು ಗಂಡುಮಕ್ಕಳು. ರಂಜಾನ್ ಬಂತೆಂದರೆ ಬೀದಿಯ ಹೆಣ್ಣುಮಕ್ಕಳ ಕೈಗೆಲ್ಲ ಮದರಂಗಿ ಇಡುತ್ತಿದ್ದ ಆಕೆಗೆ ಬಳ್ಳಿ ಎಳೆಯುವುದು ನೀರು ಕುಡಿದಷ್ಟು ಸುಲಭ.

"ಅಕ್ಕಾ, ನಿಮ್ ಹೂವಿಗೆ ಬಳ್ಳೀನೇ ಇಲ್ವಲ್ಲ. ಗಾಳೀಲಿ ನಿಂತೈತೆ."

"ನೀನೇ ಹಾಕು ಮಾರಾಯ್ತಿ. ಆದ್ರೆ ನಿನ್ ಬಳ್ಳಿನ ಹಂಗೇ ಬುಟ್ರೆ ಗೋಡೆ ಹತ್ತಿ ನಮ್ ಅಡುಗೆಮನೆಗೇ ಬಂದ್ಬುಡ್ತದೆ."

ಇಬ್ಬರ ನಗುವಿಗೆ ಮಗು ಏಳುತ್ತದೇನೋ ಎಂದು ನಾನು ಒಳಗಿನಿಂದ ಕೆಮ್ಮುತ್ತಿದ್ದೆ.

ಒಂದು ಸುಗ್ಗಿಯಲ್ಲಿ ಆಲೂರು ಕಡೆ ಭತ್ತದ ಗದ್ದೆಗೆ ಆನೆಗಳು ನುಗ್ಗಿದವು. ಮೂರು ಹಾಳೆ ವರದಿಯನ್ನು ತಪ್ಪಿಲ್ಲದಂತೆ ನಕಲು ಮಾಡಿ ಮೇಜಿನ ಮೇಲಿಟ್ಟು, ಒಂದು ವಿವರ ಕೇಳಲು ಫೋನ್ ಬೂತಿಗೆ ಹೋದೆ. ಹಿಂದಿರುಗುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಹಾಳೆಗಳನ್ನು ಲಕೋಟೆಗೆ ತುರುಕಿ, ಓಡಿಹೋಗಿ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಆಗ ನಮ್ಮ ಸುದ್ದಿಯೆಲ್ಲ ಹೋಗುತ್ತಿದ್ದುದು ಹಾಗೆಯೇ.

ಮನೆಗೆ ಬಂದರೆ ಹೆಂಡತಿ ಮೇಜು ತಡಕಾಡುತ್ತಿದ್ದಳು. "ರೀ, ಇಲ್ಲಿದ್ದ ರದ್ದಿ ಹಾಳೆ ಎಲ್ಲೋಯ್ತು? ದಾಸವಾಳ ಅರ್ಧ ಆಗಿತ್ತು ಕಣ್ರೀ."

ಮರುದಿನ ಬೈಗುಳಕ್ಕೆ ಸಿದ್ಧನಾಗಿಯೇ ಕಚೇರಿಗೆ ಫೋನ್ ಮಾಡಿದೆ. ಅಲ್ಲಿ ಸುದ್ದಿ ತಿದ್ದುತ್ತಿದ್ದ ಹಿರಿಯರು, "ಏನಯ್ಯಾ, ಮುಂದೆ ನೋಡಿದ್ರೆ ಆನೆ ಗದ್ದೆ ತುಳಿದಿದೆ, ಹಿಂದೆ ನೋಡಿದ್ರೆ ತೋಟಾನೇ ಅರಳಿದೆ. ಯಾರದ್ದು ಇದು?" ಎಂದರು.

"ನಮ್ಮ ಮನೆಯವಳದ್ದು ಸಾರ್. ತಪ್ಪಾಯ್ತು."

"ತಪ್ಪು ಹಾಗಿರ್ಲಿ. ಮಹಿಳೆಯರ ಪುಟಕ್ಕೆ ವಾರಕ್ಕೊಂದು ಹೂ ಕಳಿಸೋಕೆ ಹೇಳು. ಬರೆಯೋದು ಹೇಗೆ ಅಂತ ನಾಲ್ಕು ಸಾಲಿರ್ಲಿ. ಕೆಲಸದ ನಡುವೆ ತಾಯಂದಿರಿಗೆ ಒಂದು ಬಿಡುವು."

ಅವಳಿಗೆ ಖುಷಿಯಾಯಿತು. ಮೊದಲ ಹೂ ಅಚ್ಚಾದ ದಿನ ಪತ್ರಿಕೆ ಹಿಡಿದು ಬೀದಿಯ ನಾಲ್ಕು ಮನೆಗೆ ಹೋಗಿ ಬಂದಳು. ಆಮೇಲೆ ಡ್ರಾಯಿಂಗ್ ಹಾಳೆ, ಸ್ಕೇಲು, ಕಪ್ಪು ಶಾಯಿ ಬಂದವು. ಬುಧವಾರದ ಬಸ್ಸಿಗೆ ಲಕೋಟೆ ಸಿದ್ಧವಿರಬೇಕಿತ್ತು. ಅವಳ ಹಿಂದೆ ನಿಂತು "ಎಡಗಡೆಯ ಎಸಳು ದಪ್ಪವಾಯಿತು" ಎಂದು ಹೇಳುವ ಕೆಲಸವನ್ನು ನಾನೇ ವಹಿಸಿಕೊಂಡೆ, ಯಾರೂ ಕೇಳಿರಲಿಲ್ಲ. ನಾಲ್ಕನೇ ವಾರ ಕುಕ್ಕರ್ ಎಷ್ಟು ಕೂಗಿತೋ ಇಬ್ಬರೂ ಲೆಕ್ಕವಿಡಲಿಲ್ಲ, ಅನ್ನ ತಳ ಹತ್ತಿತು. ಶಾಯಿ ಮುಟ್ಟಿದ್ದಕ್ಕೆ ಮಗಳು ಬೈಸಿಕೊಂಡಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದಲೇ, "ನಿಮ್ದೀಗ ಆಫೀಸಾಗೋಯ್ತು ಬಿಡಕ್ಕಾ. ನಾನ್ ಬಂದ್ರೆ ಡಿಸ್ಟರ್ಬು" ಎಂದು ಹೇಳಿ ಒಳಗೆ ಹೋದಳು.

ಆ ಮಧ್ಯಾಹ್ನ ಸೀದ ಅನ್ನ ಬಡಿಸುತ್ತಾ ನನ್ನ ಹೆಂಡತಿ ಹೇಳಿದಳು: "ರೀ, ಇಡೀ ದಿನದಾಗೆ ನಂದು ಅಂತ ಇದ್ದದ್ದು ಅದೊಂದ್ ಹತ್ತು ನಿಮಿಷ. ಅದನ್ನೂ ತಗೊಂಡೋಗಿ ಬುಧವಾರದ ಬಸ್ಸಿಗೆ ಹಾಕ್ಬುಟ್ರಲ್ಲ."

ಅವಳ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಇನ್ನು ಬೇಡವೆಂದು ಕಚೇರಿಗೆ ನಾನೇ ತಿಳಿಸುತ್ತೇನೆ ಎಂದೆ. ಅವಳು ಒಪ್ಪದೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ನನ್ನ ಜೊತೆ ಬೂತಿಗೆ ಬಂದಳು.

"ಸಾರ್, ಅಚ್ಚಾಗಿರೋ ನನ್ ಹೂ ನೋಡಿದ್ರೆ ಯಾವ ತಾಯಿಗೆ ಬಿಡುವು ಸಿಕ್ತದೆ? ಅವ್ರೇ ಬರ್ದ್ರೆ ಸಿಕ್ತದೆ. ಒಂದು ಖಾಲಿ ಚೌಕ ಬುಡಿ, ನಡುವೆ ಒಂದು ಚುಕ್ಕಿ ಇಡಿ. ಎಸಳು ಅವ್ರೇ ಹಾಕ್ಕಂತಾರೆ. ಚೆಂದ ಆಗ್ಲೇಬೇಕು ಅಂತೇನಿಲ್ಲ, ಯಾರ್ಗೂ ತೋರಿಸೋದೂ ಬ್ಯಾಡ ಅಂತ ಕೆಳಗೆ ಬರೀರಿ."

ಆ ಕಡೆಯ ಧ್ವನಿ ನನಗೂ ಕೇಳಿಸುತ್ತಿತ್ತು. "ಖಾಲಿ ಜಾಗ ಅಚ್ಚು ಹಾಕಿದ್ರೆ ನನ್ನನ್ನ ಮನೆಗೆ ಕಳಿಸ್ತಾರಮ್ಮಾ."

"ಕಳಿಸ್ಲಿ ಬುಡಿ ಸಾರ್, ನಿಮ್ಗೂ ಒಂದು ಬಿಡುವು."

ಮುಂದಿನ ವಾರದ ಪುಟದಲ್ಲಿ ಚೌಕವಿತ್ತು, ಚುಕ್ಕಿಯಿತ್ತು, ಕೆಳಗೆ ಅವಳು ಹೇಳಿದ ಮಾತಿತ್ತು. ಹೆಸರು ಹಾಕಿರಲಿಲ್ಲ. ಅವಳೂ ಕೇಳಲಿಲ್ಲ. ಹನ್ನೊಂದು ಗಂಟೆಗೆ ಹಿತ್ತಿಲ ಮೆಟ್ಟಿಲ ಮೇಲೆ ಮತ್ತೆ ಇಬ್ಬರ ಮಾತು ಕೇಳಿಸತೊಡಗಿತು. ನಾನು ಬರೆಯುವ ಮೇಜನ್ನು ಮುಂದಿನ ಕೋಣೆಗೆ ಎಳೆದುಕೊಂಡೆ.

ಕೆಲವು ದಿನಗಳ ನಂತರ ಕಿತ್ತುಹೋದ ರಸ್ತೆಯ ಸುದ್ದಿಗಾಗಿ ವನಗೂರಿಗೆ ಹೋಗಿದ್ದೆ. ಹಿಂದಿರುಗಲು ಜೀಪಿಗೆ ಕಾಯುತ್ತಾ ಸಣ್ಣದೊಂದು ಹೋಟೆಲಿನಲ್ಲಿ ಕೂತೆ. ಹೋಟೆಲ್ ನಡೆಸುತ್ತಿದ್ದ ಹೆಂಗಸು ಒಂದು ಮಗುವಿಗೆ ಇಡ್ಲಿ ತಿನ್ನಿಸುತ್ತಾ, ಇನ್ನೊಂದನ್ನು ಗದರುತ್ತಾ ನನಗೆ ಕಾಫಿ ತಂದಿಟ್ಟಳು. ಮೇಜಿಗೆ ಹಾಸಿದ್ದು ನಮ್ಮದೇ ಪತ್ರಿಕೆಯ ಆ ಪುಟ. ಚೌಕದಲ್ಲಿ ನೀಲಿ ಪೆನ್ನಿನ ಹೂವೊಂದಿತ್ತು. ಅದರ ಎಸಳೊಂದು ಗೆರೆ ದಾಟಿ ಪಕ್ಕದ ಸೋಪಿನ ಜಾಹೀರಾತಿನೊಳಕ್ಕೆ ಹೋಗಿತ್ತು.

"ಯಾರಮ್ಮಾ ಬರೆದಿದ್ದು?" ಎಂದೆ.

"ನಾನೇ ಕಣಣ್ಣಾ. ಜೀಪ್ ಬರೋಗಂಟ ಗಿರಾಕಿ ಇರಲ್ಲ. ಇವೆರಡೂ ಮನಗಿದ್ವು."

"ಯಾವ ಹೂ ಇದು?"

ಅವಳು ನನ್ನ ಜೇಬಿನ ಪೆನ್ನನ್ನೂ ಕೈಲಿದ್ದ ನೋಟ್‌ಬುಕ್ಕನ್ನೂ ಒಮ್ಮೆ ನೋಡಿದಳು. "ಹೂ ಅಂದ್ರೆ ಹೂ ಕಣಣ್ಣಾ. ಪೇಪರ್ನೋರಿಗೆ ಎಲ್ಲದಕ್ಕೂ ಒಂದು ಹೆಸರು ಬೇಕು ನೋಡು."